ಚಟ್ನಿಯಿಲ್ಲದ ದೋಣಿ

ಸರ್ವೋತ್ತಮನಿಗೆ ನೀರೆಂದರೆ ಭಯ. ಈ ಸಂಗತಿ ಅವನ ಮದುವೆಯ ದಿನವೇ ಊರಿಗೆಲ್ಲ ಗೊತ್ತಾಗಿಹೋಗಿತ್ತು.

ಹೆಂಡತಿ ಜಲಜಾಕ್ಷಿಯ ತವರು ಉಡುಪಿ ಕಡೆ ಸ್ವರ್ಣಾ ನದಿಯ ನಡುವಿನ ಒಂದು ಕುದ್ರು. ಸುತ್ತ ನೀರು, ಮಧ್ಯೆ ನಾಲ್ಕಾರು ಮನೆ, ಒಂದಿಷ್ಟು ತೆಂಗಿನ ಮರ. ಅಲ್ಲಿ ಮಕ್ಕಳು ಶಾಲೆಗೆ ಹೋಗುವುದೂ ದೋಣಿಯಲ್ಲಿ, ಮದುವೆಯ ದಿಬ್ಬಣ ಬರುವುದೂ ದೋಣಿಯಲ್ಲಿ. ಪೇಟ ಸುತ್ತಿಕೊಂಡು ಬಂದ ಮದುಮಗ ಒಂದು ಕಾಲನ್ನು ದೋಣಿಯೊಳಗಿಟ್ಟ. ದೋಣಿ ಅಲುಗಿತು. ಹಿಂದಕ್ಕೆ ತೆಗೆದ ಕಾಲನ್ನು ಅವನು ಮತ್ತೆ ಮುಂದಿಡಲೇ ಇಲ್ಲ. ಮಾವ ಬೇಡಿಕೊಂಡರು, ಭಟ್ಟರು ಮುಹೂರ್ತ ಮೀರುವ ಹೆದರಿಕೆ ಹಾಕಿದರು, ಗೆಳೆಯರು ಹಿಂದಿನಿಂದ ತಳ್ಳಿಯೂ ನೋಡಿದರು. ಕೊನೆಗೆ ಮದುಮಗಳೇ ಹೊಳೆ ದಾಟಿ ಈಚೆ ದಡಕ್ಕೆ ಬಂದು, ಶಾಲೆಯ ಜಗಲಿಯಲ್ಲಿ ಧಾರೆಯಾಯಿತು. ಅವಳು ರೇಷ್ಮೆ ಸೀರೆಯುಟ್ಟು ತಾನೇ ಹುಟ್ಟು ಹಾಕಿಕೊಂಡು ಬಂದಳು ಎಂದು ಹೇಳುವವರಿದ್ದಾರೆ. ಅದು ಉಪ್ಪುಖಾರ ಸೇರಿಸಿದ ಮಾತು. ಹುಟ್ಟು ಹಾಕಿದ್ದು ಅವಳ ಅಣ್ಣ. ಆದರೆ ಆ ಅಣ್ಣನಿಗೆ "ಎಡಕ್ಕೆ ತಗೋ" ಅಂತ ಮದುಮಗಳು ಗದರಿದ್ದು ಮಾತ್ರ ನಿಜ. ದಡದಲ್ಲಿ ಬೆವರುತ್ತ ನಿಂತಿದ್ದ ಮದುಮಗನಿಗೇ ಅದು ಕೇಳಿಸಿತ್ತು.

ಆಮೇಲೆ ಮೂವತ್ತು ವರ್ಷ ಅವರ ಬಾಳು ಮುಂಬಯಿ ಹೊರವಲಯದ ಕಳವಾ ಎಂಬ ಊರಲ್ಲಿ ನಡೆಯಿತು. ರೈಲ್ವೆ ಕಾರ್‌ಶೆಡ್ಡಿನ ಹತ್ತಿರದ ಗಲ್ಲಿಯಲ್ಲಿ ಒಂದು ಸಣ್ಣ ಹೋಟೆಲು, ಅದರ ಮೇಲೆ ಒಂದು ಕೋಣೆ. ಶೆಡ್ಡಿನ ಫಿಟ್ಟರುಗಳು ಪಾಳಿ ಮುಗಿಸಿ ಎಣ್ಣೆಯ ಕೈಯಲ್ಲೇ ಬಂದು ಇಡ್ಲಿ ತಿನ್ನುತ್ತಿದ್ದರು. ಆ ಹೋಟೆಲಿನಲ್ಲಿ ಒಂದು ಕಟ್ಟಳೆಯಿತ್ತು: ಹಿಟ್ಟು ಜಲಜಾಕ್ಷಿಯದು, ಚಟ್ನಿ ಸರ್ವೋತ್ತಮನದು. ಅವಳ ಹಿಟ್ಟಿಗೆ ಅವನು ಕೈ ಹಾಕುವಂತಿಲ್ಲ, ಅವನ ಚಟ್ನಿಯ ಉಪ್ಪು ಅವಳು ನೋಡುವಂತಿಲ್ಲ. ಒಳಗೆ ಎಷ್ಟೇ ಕಚ್ಚಾಡಿದರೂ ಗಿರಾಕಿಯ ತಟ್ಟೆಯಲ್ಲಿ ಇಬ್ಬರೂ ರಾಜಿಯಾಗಿರುತ್ತಿದ್ದರು.

ಪಕ್ಕದ ಠಾಣೆ ಊರಿಗೆ ಹೋಗುವಾಗ ಲೋಕಲ್ ಗಾಡಿ ಖಾಡಿ ಎಂಬ ಕಡಲ ಹಿನ್ನೀರಿನ ಸೇತುವೆ ದಾಟುತ್ತದೆ. ಆಗ ಸರ್ವೋತ್ತಮ ಬೋಗಿಯೊಳಗೆ ಅಂಟಿಸಿದ ಜಾಹೀರಾತುಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ. ಜಲಜಾಕ್ಷಿ ಕಿಟಕಿಯ ಸರಳಿಗೆ ಮುಖವೊತ್ತಿ ನೀರು ನೋಡುತ್ತಿದ್ದಳು. ಸೇತುವೆ ಮುಗಿದ ಮೇಲೂ ಸ್ವಲ್ಪ ಹೊತ್ತು ಅವಳು ಈಚೆ ತಿರುಗುತ್ತಿರಲಿಲ್ಲ. ಅಲ್ಲಿ ಏನು ಕಾಣುತ್ತದೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ.

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಆ ಕಟ್ಟಡದ ಹಿಂಬದಿಯ ಗೋಡೆ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ, ಅದೊಂದು ಪುಣ್ಯ. ಆದರೆ ಉಳಿದದ್ದನ್ನೂ ಕೆಡವಲೇಬೇಕಾಯಿತು. ಹೊಸ ಕಟ್ಟಡ ಎದ್ದ ಮೇಲೆ ನಿಮಗೇ ಮೊದಲ ಅಂಗಡಿ ಎಂದಿದ್ದ ಮಾಲೀಕ ಆಮೇಲೆ ಫೋನೇ ಎತ್ತಲಿಲ್ಲ. ಮಗ ಮನೀಷ್ ಬಂದು ಇಬ್ಬರನ್ನೂ ಬೇಲಾಪುರದ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದ. ಒಂಬತ್ತನೆಯ ಮಾಳಿಗೆ. ಹೋಟೆಲಿನ ಸಾಮಾನನ್ನೆಲ್ಲ ಸಿಕ್ಕವರಿಗೆ ಕೊಟ್ಟರೂ, ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರನ್ನು ಮಾತ್ರ ಜಲಜಾಕ್ಷಿ ಬಿಡಲಿಲ್ಲ. ಅದು ಲಿಫ್ಟಿನಲ್ಲಿ ಒಬ್ಬ ನೆಂಟನ ಗತ್ತಿನಲ್ಲೇ ಮೇಲೆ ಬಂತು.

ಬೇಲಾಪುರದ ಬೆಳಗುಗಳು ಮೆತ್ತಗೆ. ಖಾಡಿಯ ಕಡೆಯಿಂದ ಮಂಜು ಎದ್ದು, ಸರಕಾರಿ ಕಚೇರಿಗಳ ಕಟ್ಟಡಗಳನ್ನು ಸೊಂಟದವರೆಗೆ ಮುಳುಗಿಸಿ, ಬಾಲ್ಕನಿಯ ಕಂಬಿಯವರೆಗೆ ಬಂದು ನಿಲ್ಲುತ್ತಿತ್ತು. ಸರ್ವೋತ್ತಮ ಹೋಟೆಲಿನ ಹೊತ್ತಿಗೇ ಏಳುತ್ತಿದ್ದ. ಸ್ನಾನ, ಗಂಧ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಲ್ಲ ತಯಾರಿ ಮುಗಿಸಿಕೊಂಡು ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದ. ಎತ್ತಲಿಕ್ಕೆ ಶಟರ್ ಇರಲಿಲ್ಲ. ಕೂತಲ್ಲೇ ಕಣ್ಣು ಎಳೆಯುತ್ತಿತ್ತು, ಮಂಜಿನ ಮೇಲೆ ಹೋಟೆಲಿನ ಮೇಜುಗಳು ಒಂದೊಂದಾಗಿ ತೇಲಿ ಬರುತ್ತಿದ್ದವು. ಫಿಟ್ಟರುಗಳು ಗಾಳಿಯಲ್ಲೇ ಕಾಲು ಇಳಿಬಿಟ್ಟು ಕೂತು "ಅಣ್ಣಾ, ಇನ್ನೊಂಚೂರು ಚಟ್ನಿ" ಎನ್ನುತ್ತಿದ್ದರು. ಬಂದೆ ಎಂದು ಏಳುವಷ್ಟರಲ್ಲಿ ಮಂಜು ಹರಿದು, ಕೆಳಗೆ ಆಳ ಕಾಣದ ಬೂದು ನೀರು ಕಾಣಿಸುತ್ತಿತ್ತು. ತಾನು ಯಾವಾಗಲೋ ಸತ್ತಿರಬೇಕು, ಸಂಕೋಚಕ್ಕೆ ಮನೆಯವರು ಹೇಳುತ್ತಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು.

ಜಲಜಾಕ್ಷಿಯ ದುಃಖ ತಲೆಯಲ್ಲಿರಲಿಲ್ಲ, ಕೈಯಲ್ಲಿತ್ತು. ಒಂದು ಮಧ್ಯಾಹ್ನ ಆ ಕೈ ತನ್ನಷ್ಟಕ್ಕೆ ತಾನೇ ಅಕ್ಕಿ ನೆನೆಹಾಕಿತ್ತು, ಉದ್ದು ನೆನೆಹಾಕಿತ್ತು. ಮನೆಯ ಅಳತೆಯಲ್ಲಲ್ಲ, ಕಾರ್‌ಶೆಡ್ಡಿನ ಅಳತೆಯಲ್ಲಿ. ರುಬ್ಬಿ ಮುಗಿಸಿದ ಮೇಲೂ ಅವಳಿಗೆ ಹೊಳೆಯಲಿಲ್ಲ. ಇದ್ದ ಪಾತ್ರೆಗಳಿಗೆಲ್ಲ ತುಂಬಿಸಿ, ಸಾಲದೆ ಹೊಸ ಬಕೆಟ್ಟಿಗೂ ಹೊಯ್ದು, ಕೈ ತೊಳೆದು ಮಲಗಿದಳು. ಅಕ್ಟೋಬರಿನ ಸೆಕೆ. ಹಿಟ್ಟಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೆಳಗಾಗುವಷ್ಟರಲ್ಲಿ ಅದು ಉಬ್ಬಿ, ಮುಚ್ಚಳಗಳನ್ನು ಎತ್ತಿ, ಕಟ್ಟೆಯಿಂದ ಇಳಿದು ಫ್ರಿಜ್ಜಿನ ಬುಡದವರೆಗೆ ಹೋಗಿತ್ತು.

"ಅತ್ತೆ! ಯೇ ಕ್ಯಾ ಹೋ ಗಯಾ! ಪೂರಾ ಕಿಚನ್ ವೈಟ್ ಆಗಿದೆ!" ಎಂದು ಸೊಸೆ ಅಶ್ಮಿತಾ ಕೂಗಿಕೊಂಡಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಗಾಬರಿಯಾದಾಗ ಅವಳಿಗೆ ಒಂದು ಭಾಷೆ ಸಾಲುತ್ತಿರಲಿಲ್ಲ.

ಜಲಜಾಕ್ಷಿ ಬಾಗಿಲಲ್ಲಿ ನಿಂತು ನೋಡಿದಳು. ಮೊದಲು ಕಣ್ಣು ತುಂಬಿತು, ಆಮೇಲೆ ನಗು ಬಂತು. ಆಮೇಲೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬೇಯಿಸಲು ನಿಂತಳು. ಅಕ್ಕಪಕ್ಕದ ಮನೆಗಳಿಗೆ ಹೋಯಿತು, ಕಾವಲುಗಾರರಿಗೆ ಹೋಯಿತು, ಮನೀಷನ ಆಫೀಸಿಗೆ ಒಂದು ಡಬ್ಬಿ ಹೋಯಿತು. ಇನ್ನೂ ಒಂದು ಬುಟ್ಟಿ ಉಳಿಯಿತು. ಅನ್ನ ಚೆಲ್ಲುವುದು ಅವಳ ಜನ್ಮದಲ್ಲಿಲ್ಲ. ಬುಟ್ಟಿಯನ್ನು ಸೊಂಟಕ್ಕೇರಿಸಿ ಕೆಳಗಿಳಿದು ಹೋದವಳು ಮಧ್ಯಾಹ್ನದ ಹೊತ್ತಿಗೆ ವಾಪಸು ಬಂದಳು. ಬುಟ್ಟಿ ಖಾಲಿ. ಸೀರೆಯ ಅಂಚು ಒದ್ದೆ. ಮುಖ ಮಾತ್ರ ಸೇತುವೆಯ ಮೇಲೆ ರೈಲಿನ ಕಿಟಕಿಯಲ್ಲಿ ಇರುತ್ತಿದ್ದ ಮುಖ.

"ದೋಣಿ ಹತ್ತಿದೆ," ಅಂದಳು.

ಆದದ್ದು ಇಷ್ಟು. ಬೇಲಾಪುರದ ಅಂಚಿನಲ್ಲಿ, ಆ ಎತ್ತರದ ಕಟ್ಟಡಗಳ ಬೆನ್ನಿಗೇ, ದಿವಾಳೆ ಎಂಬ ಮೀನುಗಾರರ ಹಳ್ಳಿಯಿದೆ. ಅಲ್ಲಿನ ಜೆಟ್ಟಿಯಲ್ಲಿ ಹಿರಾಬಾಯಿ ಎಂಬ ಹೆಂಗಸು ಬಲೆ ಹೆಣೆಯುತ್ತ ಕೂತಿದ್ದಳು. ಪಕ್ಕದಲ್ಲಿ ಅವಳ ತೀರಿಹೋದ ಗಂಡನ ಸಣ್ಣ ದೋಣಿ ಬೋರಲಾಗಿ ಬಿದ್ದಿತ್ತು. ಖಾಡಿಯ ನಡುವೆ ರೇತಿ ತೆಗೆಯುವ ದೊಡ್ಡ ಬೋಟೊಂದು ನಿಂತಿತ್ತು. ಮರಳು ತುಂಬುವ ಆಳುಗಳು ಅಲ್ಲೇ ದಿನಗಟ್ಟಲೆ ಇರುವವರು, ಹೊತ್ತಿಗೆ ಸರಿಯಾಗಿ ತಿನ್ನಲು ಸಿಗದವರು. ಇಡ್ಲಿಯ ಬುಟ್ಟಿ ಕಂಡು ಅಲ್ಲಿಂದಲೇ ಕೈ ಬೀಸಿದರಂತೆ. ಜಲಜಾಕ್ಷಿ ದೋಣಿಯ ಕಡೆ ನೋಡಿದಳು, ಹಿರಾಬಾಯಿ ಜಲಜಾಕ್ಷಿಯ ಕಡೆ ನೋಡಿದಳು. ಇಬ್ಬರೂ ಸೇರಿ ದೋಣಿಯನ್ನು ಮಗುಚಿ ನೀರಿಗಿಳಿಸಿದರು. ಮೂವತ್ತು ವರ್ಷದಿಂದ ಮುಟ್ಟದ ಹುಟ್ಟು ಕೈಗೆ ಬಂದೊಡನೆ ಭುಜಕ್ಕೆ ಎಲ್ಲ ನೆನಪಾಯಿತು.

ಅಲ್ಲಿಗೆ ಅದು ನಿಲ್ಲಲಿಲ್ಲ. ಮರುದಿನವೂ ಹೋದಳು, ಆಚೆ ವಾರವೂ ಹೋದಳು. ಬಲೆ ಹಾಕಿ ಕಾಯುವ ದೋಣಿಗಳವರು, ರೇತಿ ಬೋಟಿನವರು, ಕ್ಯಾಮೆರಾ ನೇತುಹಾಕಿಕೊಂಡು ಹಕ್ಕಿ ನೋಡಲು ಬರುವವರು, ಎಲ್ಲರೂ ಇಡ್ಲಿ ದೋಣಿಯ ದಾರಿ ಕಾಯತೊಡಗಿದರು. ಅವಳು ದೋಣಿಗೆ ಹಳದಿ ಬಣ್ಣ ಬಳಿದಳು.

"ಮೀನಿನ ದೋಣಿಯಲ್ಲಿ ಇಡ್ಲಿ!" ಸರ್ವೋತ್ತಮನಿಗೆ ಮೈಯೆಲ್ಲ ಉರಿಯಿತು. "ಶುದ್ಧ ಸಸ್ಯಾಹಾರಿ ಅಂತ ಬೋರ್ಡು ಹಾಕಿ ಮೂವತ್ತು ವರ್ಷ ಹೋಟೆಲು ನಡೆಸಿದವರು ನಾವು. ನಿನಗೆ ಎಂತ ಹುಚ್ಚು ಮಾರಾಯ್ತಿ?"

"ಹುಣಸೆಹುಳಿ ಹಾಕಿ ತಿಕ್ಕಿ ತೊಳೆದಿದ್ದೇನೆ," ಅಂದಳು ಅವಳು. "ಇನ್ನೂ ವಾಸನೆ ಬಂದ್ರೆ ಅದು ನಿಮ್ಮ ಮೂಗಿಂದು."

ಅವನಲ್ಲಿ ಉಳಿದಿದ್ದ ಆಯುಧ ಒಂದೇ. ಚಟ್ನಿ ಮಾಡುವುದಿಲ್ಲ ಎಂದುಬಿಟ್ಟ. ಕಟ್ಟಳೆ ಮುರಿದು ತಾನೇ ಮಾಡಿಕೊಳ್ಳಲು ಅವಳಿಗೂ ಮನಸ್ಸು ಬರಲಿಲ್ಲ. ಚಟ್ನಿಪುಡಿ, ತೆಂಗಿನೆಣ್ಣೆ ಕಟ್ಟಿಕೊಂಡು ಹೋದಳು. ವಾಪಸು ಬಂದು, ರೇತಿ ಬೋಟಿನ ಯಂಕಪ್ಪ ಹೇಳಿದ ಮಾತನ್ನು ಅವನದೇ ಧಾಟಿಯಲ್ಲಿ ಊಟದ ಮೇಜಿನ ಮೇಲೆ ಇಡುತ್ತಿದ್ದಳು: "ಅವ್ವಾ, ಇಡ್ಲಿ ಭಾಳ ಚಲೋ ಅದಾವು. ಆದ್ರ ಹಸೀ ಚಟ್ನಿ ಇಲ್ದ ಇಡ್ಲಿ ತಿನ್ನೂದಂದ್ರ ಹೆಂಗಬೇ?" ಯಂಕಪ್ಪ ವಿಜಾಪುರದ ಕಡೆಯವನು. ಸರ್ವೋತ್ತಮ ತಲೆ ಎತ್ತದೆ ಊಟ ಮಾಡುತ್ತಿದ್ದ. ಕಿವಿ ಮಾತ್ರ ಪೂರ್ತಿ ಅಲ್ಲೇ ಇರುತ್ತಿತ್ತು.

ಚಳಿಗಾಲ ಬಂತು. ಅವನು ಬಾಲ್ಕನಿಯಿಂದ ನೋಡುತ್ತಿದ್ದ. ಮಂಜಿನೊಳಗೆ ಒಂದು ಹಳದಿ ಚುಕ್ಕೆ ಇರುತ್ತಿತ್ತು, ಇಲ್ಲವಾಗುತ್ತಿತ್ತು, ಮತ್ತೆ ಬೇರೊಂದು ಕಡೆ ಮೂಡುತ್ತಿತ್ತು. ಅದು ಕಾಣದಿದ್ದಾಗ ಅವನ ಉಸಿರು ಮೇಲೆ ನಿಲ್ಲುತ್ತಿತ್ತು. ಕಂಡ ಕೂಡಲೇ ಸಿಟ್ಟು ಬರುತ್ತಿತ್ತು.

ಮನೀಷ್ ಒಳ್ಳೆಯ ಮಗ. ಒಳ್ಳೆಯ ಮಕ್ಕಳಿಗೆ ಇರುವ ತೊಂದರೆ ಅವನಿಗೂ ಇತ್ತು. "ಪಪ್ಪಾ, ನೀವಾದ್ರೂ ಹೇಳಿ. ಸೊಸೈಟಿ ಮೀಟಿಂಗಲ್ಲಿ ಕೇಳ್ತಾರೆ, ತುಮ್ಹಾರಿ ಮಾ ಬೋಟ್ ಚಲಾತಿ ಹೈ ಕ್ಯಾ ಅಂತ. ನಾನು ಊಟ ಹಾಕೋದಿಲ್ವಾ ನಿಮಗೆ?"

ಆ ಸಂಜೆ ಸರ್ವೋತ್ತಮ ಹೆಂಡತಿಯನ್ನು ಎದುರು ಕೂರಿಸಿಕೊಂಡ. ಅವಳೇ ಮೊದಲು ಮಾತಾಡಿದಳು.

"ಹಿರಾಬಾಯಿಯ ಮನೆಯ ಹಿಂದೆ ಒಂದು ಖೋಲಿ ಖಾಲಿ ಉಂಟು. ಕಿಟಕಿ ತೆಗೆದ್ರೆ ನೀರು. ನಾವಿಬ್ಬರೇ ಅಲ್ಲಿ ಇರುವಾ. ಗ್ರೈಂಡರ್ ಇಡ್ಲಿಕ್ಕೆ ಜಾಗ ಉಂಟು. ಮಗ ಆದಿತ್ಯವಾರ ಬರ್ಲಿ, ತಿಂದು ಹೋಗ್ಲಿ. ಇಲ್ಲಿ ಕೂತು ಕೂತು ನೀವು ಬಿಳಿಚಿ ಹೋಗಿದ್ದೀರಿ."

"ಸಾಕು. ನಾಳೆಯಿಂದ ದೋಣಿ ಬೇಡ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಆಯ್ತು, ಬಿಡ್ತೇನೆ. ಆದ್ರೆ ನೀವು ಒಂದು ಸಲ ದೋಣಿಯಲ್ಲಿ ಕೂತ್ಕೊಳ್ಳಬೇಕು. ಕೂತು, ನೀರಿನ ಮೇಲೆ ಇದ್ದು, ಅಲ್ಲಿಂದ ಹೇಳಿ ಬೇಡ ಅಂತ. ಆ ದಿನವೇ ದೋಣಿಯನ್ನು ಹಿರಾಬಾಯಿಗೆ ವಾಪಸು ಕೊಡ್ತೇನೆ. ಖೋಲಿಯೂ ಬೇಡ. ಸಾಯುವವರೆಗೆ ಇಲ್ಲೇ ಟಿವಿ ನೋಡ್ತೇನೆ. ಒಂದು ಮಾತೂ ಆಡುವುದಿಲ್ಲ."

ಬೇಡ ಎನ್ನುವ ಅಧಿಕಾರ ನೀರಿನ ಮೇಲಿತ್ತು, ಅವನ ಕಾಲು ಇನ್ನೂ ಮೂವತ್ತು ವರ್ಷದ ಹಿಂದಿನ ದಡದಲ್ಲೇ ಇತ್ತು. ಅವಳಿಗೆ ಅದು ಗೊತ್ತಿತ್ತು.

ಧೈರ್ಯ ಇಲ್ಲದವರು ಮಾಡುವ ಕೆಲಸವನ್ನೇ ಅವನೂ ಮಾಡಿದ. ಮಾಘ ಮಾಸದ ಸಂಕಷ್ಟಿಯ ದಿನ, ಅವಳು ಇಡ್ಲಿ ಬೇಯಿಸುತ್ತಿರುವಾಗ, ಬಾಗಿಲ ಹಿಂದೆ ನಿಲ್ಲಿಸಿದ್ದ ಹುಟ್ಟನ್ನು ಒಯ್ದು ಪರದೆಯ ಹಿಂದೆ ಬಚ್ಚಿಟ್ಟ. ಅವಳು ಮನೆಯಿಡೀ ಹುಡುಕಿದಳು. ಹುಟ್ಟು ಪರದೆಗಿಂತ ಉದ್ದವಿತ್ತು. ಕೆಳಗಿನಿಂದ ಅದರ ಅಲಗು ಕಾಣಿಸುತ್ತಿತ್ತು. ಕೊನೆಗೂ ಅದನ್ನು ಕಂಡಾಗ ಅವಳು ಗಂಡನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಉಪವಾಸದ ಖಾಲಿ ಹೊಟ್ಟೆಯಲ್ಲೇ, ಹುಟ್ಟು ಹಿಡಿದು, ಬುಟ್ಟಿ ಹೊತ್ತು ನಡೆದುಬಿಟ್ಟಳು. ಅಷ್ಟರಲ್ಲಿ ಹೊತ್ತು ಏರಿತ್ತು, ನೀರು ಇಳಿಯುತ್ತಿತ್ತು.

ಕುದ್ರುವಿನ ಹುಡುಗಿಗೆ ಉಬ್ಬರ ಇಳಿತ ಗೊತ್ತಿಲ್ಲದ್ದಲ್ಲ. ಆದರೆ ಅವಳ ಹೊಳೆಯ ತಳದಲ್ಲಿ ಮರಳು. ನೀರು ಇಳಿದು ದೋಣಿ ತಾಗಿದರೆ ಮೊಣಕಾಲುದ್ದ ನೀರಿಗೆ ಇಳಿದು, ಹಿಂದಿನಿಂದ ಎರಡು ಸಲ ದೂಡಿದರೆ ಮುಗಿಯಿತು. ಇಲ್ಲಿ ತಳವೇ ಇಲ್ಲ, ಬರೀ ಕೆಸರು. ಬಾಲ್ಕನಿಯಿಂದ ಸರ್ವೋತ್ತಮ ಎಲ್ಲವನ್ನೂ ನೋಡಿದ. ಹಳದಿ ದೋಣಿ ನಡು ಖಾಡಿಯಲ್ಲಿ ನಿಂತುಬಿಟ್ಟದ್ದು. ಅವಳು ಸೀರೆ ಎತ್ತಿ ಕಟ್ಟಿ ಒಂದು ಕಾಲನ್ನು ಕೆಳಗಿಳಿಸಿದ್ದು. ಆ ಕಾಲು ತೊಡೆಯವರೆಗೆ ಒಳಗೆ ಹೋಗಿಬಿಟ್ಟದ್ದು. ದೂರದ ರೇತಿ ಬೋಟಿನ ಮೇಲೆ ಜನ ಎದ್ದು ನಿಂತು ಕೈ ಬೀಸಿ ಏನೋ ಕೂಗಿದ್ದು. ಅವಳು ದೋಣಿಯ ಅಂಚು ಅವುಚಿಕೊಂಡು ಕಾಲನ್ನು ಎಳೆದುಕೊಂಡದ್ದು.

ಅವನು ಅವಳ ಮೊಬೈಲಿಗೆ ಫೋನು ಹಚ್ಚಿದ. ಅದು ಅಡುಗೆಮನೆಯ ಗೂಡಿನಲ್ಲೇ ಹೊಡೆದುಕೊಂಡಿತು.

ಲಿಫ್ಟಿಗೆ ಕಾಯದೆ ಅವನು ಮೆಟ್ಟಿಲಿಳಿದು ಓಡಿದ. ಬಿಳಿ ಅಂಗಿ, ಬರಿಗಾಲು. ಮೊದಲ ಸಲ ದಿವಾಳೆಯ ಗಲ್ಲಿ ಹೊಕ್ಕ. ಒಣಮೀನಿನ ತಡಿಕೆಗಳ ನಡುವೆ ಮೂಗು ಮುಚ್ಚುವುದನ್ನೂ ಮರೆತು ಜೆಟ್ಟಿಗೆ ಬಂದ. ಹಿರಾಬಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಖಾಡಿ ನೋಡುತ್ತಿದ್ದಳು.

"ಏನೂ ಆಗೋದಿಲ್ಲ ಭಾವೂ," ಅಂದಳು ತನ್ನ ಮರಾಠಿಯಲ್ಲಿ. "ದೋಣಿಯಲ್ಲಿ ಕೂತಿದ್ದಾಳೆ, ಕೂತೇ ಇರಲಿ. ಭರತಿ ಬರಬೇಕು, ನೀರು ಏರಬೇಕು. ಅಲ್ಲಿಯವರೆಗೆ ಯಾವ ದೋಣಿಯೂ ಅಲ್ಲಿಗೆ ಹೋಗೋದಿಲ್ಲ, ಯಾವ ಮನುಷ್ಯನೂ ಹೋಗೋದಿಲ್ಲ. ನೀನೂ ಕೂತ್ಕೋ."

ಅವನು ಕೂತ. ಹುಟ್ಟನ್ನು ಬಚ್ಚಿಟ್ಟ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ತಪ್ಪು ತನ್ನದು, ಪೂರ್ತಿ ತನ್ನದು.

ನೀರು ಪೂರಾ ಇಳಿಯಿತು. ಖಾಡಿ ಹೊಸದಾಗಿ ಸಾರಿಸಿದ ಅಂಗಳದ ಹಾಗೆ ಹೊಳೆಯುತ್ತ ಬಿದ್ದುಕೊಂಡಿತು. ಅದರ ಮಧ್ಯೆ ಹಳದಿ ದೋಣಿ, ದೋಣಿಯಲ್ಲಿ ಕೊಡೆ ಬಿಚ್ಚಿಕೊಂಡು ಕೂತ ಜಲಜಾಕ್ಷಿ. ಆಗ ಅವು ಬಂದವು. ಆಕಾಶದ ಯಾವ ಮೂಲೆಯಿಂದಲೋ ಗುಲಾಬಿ ಬಣ್ಣದ ಒಂದು ಗೆರೆ ಹೊರಟು, ಅಗಲವಾಗಿ, ರೆಕ್ಕೆಗಳಾಗಿ, ಉದ್ದ ಕಾಲುಗಳಾಗಿ ಕೆಸರಿನ ಮೇಲೆ ಇಳಿಯಿತು. ಚಳಿಗಾಲಕ್ಕೆ ಬರುವ ಫ್ಲೆಮಿಂಗೊಗಳು. ಕತ್ತು ಬಗ್ಗಿಸಿ ಮೇಯುತ್ತ ಮೇಯುತ್ತ ಅವು ದೋಣಿಯನ್ನು ಸುತ್ತುವರಿದವು. ಹೆಂಗಸೊಬ್ಬಳು ಅಲ್ಲಿದ್ದಾಳೆ ಎಂಬುದೇ ಅವುಗಳ ಲೆಕ್ಕದಲ್ಲಿರಲಿಲ್ಲ. ಅವಳು ಮೆಲ್ಲಗೆ ಕೊಡೆ ಮಡಚಿಟ್ಟಳು. ಬೆಳಕು ಯಾವುದು, ಹಕ್ಕಿ ಯಾವುದು, ಕೆಸರಿನಲ್ಲಿ ಬಿದ್ದ ಹಕ್ಕಿಯ ನೆರಳು ಯಾವುದು ಎಂದು ಬಿಡಿಸಿ ಹೇಳಲು ಸರ್ವೋತ್ತಮನಿಗೆ ಆಗಲಿಲ್ಲ. ಕುರ್ಚಿಯಲ್ಲಿ ತೂಕಡಿಸುತ್ತ ತಾನು ಕಂಡ ಕನಸುಗಳಲ್ಲಿ ಇಷ್ಟು ಚೆಂದದ್ದು ಒಂದೂ ಇರಲಿಲ್ಲ. ಇಲ್ಲಿ ಅವನು ಎಚ್ಚರವಾಗಿದ್ದ.

ಅವಳು ಹೆದರಿರಲಿಲ್ಲ. ಅಷ್ಟು ದೂರದಿಂದಲೂ ಅದು ತಿಳಿಯುತ್ತಿತ್ತು. ಬೆನ್ನು ನೆಟ್ಟಗಿತ್ತು, ಮುಖ ಖಾಡಿಯ ಬಯಲಿನ ಕಡೆಗಿತ್ತು. ಇದನ್ನೇ ಅವಳು ಸೇತುವೆಯ ಮೇಲಿಂದ ನೋಡುತ್ತಿದ್ದದ್ದು. ಮೂವತ್ತು ವರ್ಷ ಅವಳನ್ನು ಕಿಟಕಿಯ ಈಚೆ ಕೂರಿಸಿ, ತಾನು ಪಕ್ಕದಲ್ಲಿ ಕೂತು ಮೂಲವ್ಯಾಧಿಯ ಜಾಹೀರಾತು ಓದಿದೆನಲ್ಲ ಎಂದು ಅವನಿಗೆ ಹೊಳೆಯಿತು.

ಸುಮ್ಮನೆ ಕೂರುವುದು ಇನ್ನು ಸಾಧ್ಯವಿರಲಿಲ್ಲ. ಕೈಗೆ ಕೆಲಸ ಬೇಕಿತ್ತು, ಅವನ ಕೈಗೆ ಗೊತ್ತಿದ್ದ ಕೆಲಸ ಒಂದೇ.

"ಬಾಯಿ, ನಿಮ್ಮಲ್ಲಿ ರುಬ್ಬುವ ಕಲ್ಲು ಉಂಟಾ?"

ಹಿರಾಬಾಯಿಯ ಹಿತ್ತಿಲಲ್ಲಿ ಚಪ್ಪಟೆ ಕಲ್ಲು ಇತ್ತು, ಗುಂಡು ಇತ್ತು. ಅವಳ ಅತ್ತೆಯ ಕಾಲದಿಂದ ಮೀನಿನ ಮಸಾಲೆ ಬಿಟ್ಟು ಬೇರೇನನ್ನೂ ಕಾಣದ ಕಲ್ಲು. ಸರ್ವೋತ್ತಮ ಅದರ ಮುಂದೆ ಒಂದು ಗಳಿಗೆ ನಿಂತ. ಅವನ ಅಪ್ಪ, ಅಜ್ಜ, ಹೋಟೆಲಿನ ಬೋರ್ಡು, ಎಲ್ಲರೂ ಬಂದು ಅವನ ಹಿಂದೆ ನಿಂತರು. ಆಮೇಲೆ ಅವನು ಅಂಗಿಯ ತೋಳು ಮಡಚಿದ. ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿದ, ನೀರು ಹೊಯ್ದ, ಮತ್ತೆ ತಿಕ್ಕಿದ. ಕಲ್ಲಿಗೆ ಇಂಥ ಸ್ನಾನ ಹಬ್ಬದ ದಿನವೂ ಆಗಿಲ್ಲ ಎಂದು ಹಿರಾಬಾಯಿ ನಕ್ಕಳು. ತೆಂಗಿನಕಾಯಿ ಕೊಟ್ಟಳು, ಹಸಿಮೆಣಸು ಕೊಟ್ಟಳು, ಶುಂಠಿ ಕೊಟ್ಟಳು. ಅವನು ಕುಕ್ಕರಗಾಲಲ್ಲಿ ಕೂತು ರುಬ್ಬಿದ. ತಿಂಗಳುಗಟ್ಟಲೆ ಕುರ್ಚಿಯಲ್ಲಿ ಒಣಗಿದ್ದ ಮೈ ಬೆವರಿತು. ಸಾಸಿವೆ ಸಿಡಿದು, ಕರಿಬೇವು ಚುರುಗುಟ್ಟಿ, ಆ ಮೀನುಗಾರರ ಹಿತ್ತಿಲಲ್ಲಿ ಕಳವಾ ಹೋಟೆಲಿನ ಬೆಳಗಿನ ವಾಸನೆ ಎದ್ದಿತು. ಅದನ್ನು ಮೂಗಿಗೆಳೆದುಕೊಂಡಾಗ ತಾನು ಸತ್ತಿಲ್ಲ ಎಂಬುದು ಅವನಿಗೆ ಖಾತರಿಯಾಯಿತು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕೆಸರಿನ ಗೆರೆಗಳಲ್ಲಿ ನೀರು ಸದ್ದಿಲ್ಲದೆ ಹರಿದು ಬಂತು. ಹಕ್ಕಿಗಳು ಎದ್ದು ಇನ್ನೊಂದು ದಡಕ್ಕೆ ಹೋದವು. ಹಿರಾಬಾಯಿ 'ಹಗ್ಗ ಕಟ್ಟಿ ಎಳೆದು ತರುವಾ' ಎಂದು ತಮ್ಮನ ದೋಣಿಯನ್ನು ಬಿಚ್ಚಿದಳು.

"ನಾನು ಹೋಗ್ತೇನೆ. ನೀನು ಇಲ್ಲೇ ಇರು ಭಾವೂ. ಜಲಜಾ ಎಲ್ಲ ಹೇಳಿದ್ದಾಳೆ."

ಎಲ್ಲ ಹೇಳಿದ್ದಾಳಂತೆ! ಸರ್ವೋತ್ತಮ ಚಟ್ನಿಯ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಜೆಟ್ಟಿಯ ಕೊನೆಯ ಮೆಟ್ಟಿಲಿಗೆ ಇಳಿದ. ದೋಣಿಯೊಳಗೆ ಒಂದು ಕಾಲಿಟ್ಟ. ದೋಣಿ ಅಲುಗಿತು. ಪಾತ್ರೆ ಬಿಟ್ಟರೆ ದೋಣಿಯ ಅಂಚು ಹಿಡಿಯಬಹುದು. ಬಿಟ್ಟರೆ ಚಟ್ನಿ ನೀರುಪಾಲು. ಮೂವತ್ತು ವರ್ಷ ಚಟ್ನಿ ಚೆಲ್ಲದ ಕೈ, ಚಟ್ನಿಯನ್ನೇ ಹಿಡಿದುಕೊಂಡಿತು. ಇನ್ನೊಂದು ಕಾಲು ಅದರ ಹಿಂದೆ ತಾನಾಗಿಯೇ ಬಂತು.

ಆ ದಾರಿಯುದ್ದಕ್ಕೂ ಅವನು ನೀರನ್ನು ನೋಡಲಿಲ್ಲ, ಪಾತ್ರೆಯೊಳಗೆ ನೋಡಿದ. ಚಟ್ನಿ ಎಡಕ್ಕೆ ವಾಲಿದರೆ ತಾನು ಬಲಕ್ಕೆ ವಾಲಿದ. ಅರ್ಧ ದಾರಿಯಲ್ಲಿ ತಲೆ ಎತ್ತಿದಾಗ ಸುತ್ತ ಎಲ್ಲ ಕಡೆ ನೀರು, ಮೇಲೆ ಎಲ್ಲ ಕಡೆ ಬೆಳಕು. ಅವರ ಫ್ಲ್ಯಾಟಿನ ಬಾಲ್ಕನಿ ದೂರದಲ್ಲೆಲ್ಲೋ ಒಂದು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಅಲ್ಲಿ ಕೂತು ತಾನು ಹೆದರುತ್ತಿದ್ದೆನೇ ಎಂದು ಅವನಿಗೆ ಆಶ್ಚರ್ಯವಾಯಿತು. ಭಯ ಹೋಗಿರಲಿಲ್ಲ, ಪಕ್ಕದಲ್ಲೇ ಕೂತಿತ್ತು, ಆದರೆ ಸುಮ್ಮನೆ ಕೂತಿತ್ತು.

ಜಲಜಾಕ್ಷಿ ಹತ್ತಿರ ಬಂದ ದೋಣಿಯನ್ನು ನೋಡಿದಳು, ದೋಣಿಯಲ್ಲಿದ್ದವನನ್ನು ನೋಡಿದಳು.

"ದಿಬ್ಬಣ ಈಗ ಬಂತಾ?"

ಅವನು ಪಾತ್ರೆಯನ್ನು ಚಾಚಿದ. "ಚಟ್ನಿ. ನೀನು ಬಿಟ್ಟು ಬಂದಿದ್ದಿ."

"ನನಗೆ ಇವತ್ತು ಸಂಕಷ್ಟಿ ಮಾರಾಯ್ರೆ. ಚಂದ್ರ ಕಾಣುವವರೆಗೆ ಬಾಯಿಗೆ ಹಾಕುವ ಹಾಗಿಲ್ಲ."

ಅವನಿಗೆ ಅದು ಮರೆತೇಹೋಗಿತ್ತು. ಆದರೂ ಹೋಟೆಲಿನ ಧಣಿ ಹೋಟೆಲಿನ ಧಣಿಯೇ. "ನಿನಗೆ ಅಂತ ಯಾರು ಹೇಳಿದ್ದು? ಯಂಕಪ್ಪನಿಗೆ," ಅಂದ. ಹಿರಾಬಾಯಿ ಎರಡೂ ದೋಣಿಗಳನ್ನು ಒತ್ತಿ ಹಿಡಿದಳು. ಜಲಜಾಕ್ಷಿ ಕೈ ನೀಡಿದಳು. ಒಂದು ಕೈಯಲ್ಲಿ ಅವಳನ್ನು, ಇನ್ನೊಂದರಲ್ಲಿ ಚಟ್ನಿಯನ್ನು ಹಿಡಿದು ಸರ್ವೋತ್ತಮ ಹಳದಿ ದೋಣಿಗೆ ದಾಟಿದ. ಇಡ್ಲಿಯ ಬುಟ್ಟಿಯ ಪಕ್ಕದಲ್ಲಿ ಕೂತ.

ಹಿರಾಬಾಯಿಯ ಹಗ್ಗ ಬೇಕಾಗಲಿಲ್ಲ. ನೀರು ದೋಣಿಯನ್ನು ತಾನೇ ಎತ್ತಿಕೊಂಡಿತು. ಜಲಜಾಕ್ಷಿ ಹುಟ್ಟನ್ನು ಕೈಗೆ ತೆಗೆದುಕೊಂಡಳು, ಆದರೆ ನೀರಿಗೆ ಹಾಕಲಿಲ್ಲ.

"ಕೂತದ್ದಾಯ್ತು. ನೀರಿನ ಮೇಲೆ ಇದ್ದೀರಿ," ಅಂದಳು. "ಇನ್ನು ಹೇಳಿ. ಬೇಡವಾ?"

ದಡದ ಕಡೆ ಹಿರಾಬಾಯಿಯ ಮನೆ ಕಾಣುತ್ತಿತ್ತು, ಅದರ ಹಿಂದೆ ಮುಚ್ಚಿದ ಒಂದು ಕಿಟಕಿ. ಸರ್ವೋತ್ತಮ ಬಹಳ ಹೊತ್ತು ಆ ಕಡೆ ನೋಡಿದ. ಆಮೇಲೆ ಕೈಯಲ್ಲಿದ್ದ ಪಾತ್ರೆಯನ್ನು ತಿರುಗಿಸಿ ನೋಡಿದ.

"ಇದಕ್ಕೆ ಮುಚ್ಚಳ ಸರಿ ಇಲ್ಲ ಮಾರಾಯ್ತಿ. ದೋಣಿಗೆ ಇದು ಆಗುವುದಿಲ್ಲ. ನಾಳೆಗೆ ಗಟ್ಟಿ ಮುಚ್ಚಳದ್ದು ಒಂದು ನೋಡ್ಬೇಕು."

ಅವಳು ಮುಖವನ್ನು ಆಚೆ ತಿರುಗಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ಅವನಿಗೆ ಕಾಣಿಸಿತು, ಬಿಸಿಲಿಗೆ ಅಂತ ಅವಳು ಹೇಳಲೂ ಇಲ್ಲ. ರೇತಿ ಬೋಟಿನಿಂದ ಯಂಕಪ್ಪ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: "ಅವ್ವಾ! ಆರಾಮ ಅದೀಯಿಲ್ಲೋ? ಜೊತಿಗೆ ಯಾರ ಅವ್ರು?"

"ಚಟ್ನಿಯವರು!" ಎಂದು ಜಲಜಾಕ್ಷಿ ಕೂಗಿ ಹೇಳಿದಳು.

ಅಲ್ಲಿಂದ ನಗು ಎದ್ದು ನೀರಿನ ಮೇಲೆ ಬಂತು. ಸರ್ವೋತ್ತಮ ಬೆನ್ನು ನೆಟ್ಟಗೆ ಮಾಡಿ, ಬಿಳಿ ಅಂಗಿಯ ಕಾಲರು ಸರಿಪಡಿಸಿಕೊಂಡ.

"ಎಡಕ್ಕೆ ತಗೋ," ಅಂದ.

ರೇತಿ ಬೋಟು ಇದ್ದದ್ದು ಬಲಕ್ಕೆ. ಆದರೂ ಜಲಜಾಕ್ಷಿ ಒಂದು ಸಲ ಹುಟ್ಟನ್ನು ಎಡಕ್ಕೇ ಹಾಕಿದಳು.